ಓಲ್ಡ್ ವಿಯರ್ ಕಂಪನಿಯ ಒಬ್ಬ ಮಾಲೀಕ

ಐರ್ಲೆಂಡಿನ ಲಿಮೆರಿಕ್‌ ಊರಿನ ಶಫೀ ಸವಣೂರ ಸಾಲಗಾರನೂ ಹೌದು, ಆ ಸಾಲ ಕೊಟ್ಟ ಕಂಪನಿಯ ಮಾಲೀಕನೂ ಹೌದು. ಎರಡೂ ಆದದ್ದು ಒಂದೇ ವಾರದಲ್ಲಿ. ಹುಬ್ಬಳ್ಳಿಯಿಂದ ಬಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿ ಐದಾರು ವರ್ಷ ದುಡಿದ ಮೇಲೆ ಅವನು ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಮನೆ ಕೊಂಡ. ಸಾಲ ಕೊಟ್ಟದ್ದು ಓಲ್ಡ್ ವಿಯರ್ ಹೋಮ್ ಲೋನ್ಸ್ ಎಂಬ ಕಂಪನಿ. ಸಾಲದ ಕಾಗದಗಳಿಗೆಲ್ಲ ಸಹಿ ಹಾಕಿಸಿಕೊಂಡ ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕುತ್ತಾ, ಇಂಥ ಕಂಪನಿಯಲ್ಲಿ ನಿಮ್ಮವೂ ಒಂದಿಷ್ಟು ಷೇರು ಇದ್ದರೆ ಚೆನ್ನಲ್ಲವೇ ಎಂದು ಕೇಳಿದ. ಐರ್ಲೆಂಡಿನಲ್ಲಿ ಮನೆಗಳ ಬೆಲೆ ಇಳಿದದ್ದನ್ನು ತಾನು ಈವರೆಗೆ ಕಂಡೇ ಇಲ್ಲ ಎಂದೂ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಅವನಿಗಿನ್ನೂ ಇಪ್ಪತ್ತೆಂಟು ವರ್ಷ.

ಶಫೀ ಕಾರಿಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಷೇರಿಗೆ ಹಾಕಿದ. ಕಾರಿಲ್ಲದೆ ಹಾಲೂ ತರಲಾಗದಂಥ ಬಡಾವಣೆ ಅದು. ಅವನ ಹೆಂಡತಿ ಖತೀಜಾ ಎರಡು ವರ್ಷ ಮಳೆಯಲ್ಲಿ ಬಸ್ಸಿಗೆ ಕಾದಳು. ಖತೀಜಾ ರಾಣೆಬೆನ್ನೂರಿನವಳು, ಕನ್ನಡ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಉರ್ದು ಮಾತಾಡಿದರೂ ಲೆಕ್ಕವನ್ನೂ ಜಗಳವನ್ನೂ ಕನ್ನಡದಲ್ಲೇ ಮಾಡುವುದು ಅವಳ ಪದ್ಧತಿ. ಆ ಎರಡು ವರ್ಷ ಅವರ ಮನೆಯಲ್ಲಿ ಕನ್ನಡ ಬಹಳ ಕೇಳಿಬಂತು.

ಷೇರು ಕೊಂಡ ಮೇಲೆ ಶಫೀ ನಡೆಯುವ ರೀತಿಯೇ ಬೇರೆಯಾಯಿತು. ಓಲ್ಡ್ ವಿಯರ್‌ನ ಶಾಖೆಯೊಳಗೆ ಕಾಲಿಟ್ಟರೆ ಅಲ್ಲಿ ಚೆಲ್ಲಾಡಿದ್ದ ಜಾಹೀರಾತು ಪತ್ರಗಳನ್ನು ಸರಿಯಾಗಿ ಜೋಡಿಸಿಯೇ ಹೊರಗೆ ಬರುತ್ತಿದ್ದ. ಜನ ಇಲ್ಲದಿದ್ದಾಗಲೂ ಹೀಟರ್ ಉರಿಯುತ್ತಿದೆ, ಖರ್ಚು ಯಾರದು ಎಂದು ಕೌಂಟರಿನ ಹುಡುಗಿಯನ್ನು ಮೆಲ್ಲಗೆ ಕೇಳುತ್ತಿದ್ದ. ತಿಂಗಳ ಕಂತು ಕಟ್ಟುವುದು ಅವನಿಗೆ ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದಂತೆ ಅನ್ನಿಸುತ್ತಿತ್ತು. ವಾರ್ಷಿಕ ಸಭೆಗೆ ಸೂಟು ಹಾಕಿಕೊಂಡು ಹೋದ. ಅಲ್ಲಿದ್ದ ಷೇರುದಾರರಲ್ಲಿ ಅವನೊಬ್ಬನೇ ಕಪ್ಪು ಕೂದಲಿನವನು. ಅಧ್ಯಕ್ಷರು ಕೈಕುಲುಕಿ, ನಿಮ್ಮಂಥ ಮಾಲೀಕರಿಂದಲೇ ನಾವು ಎಂದರು. ಅವರು ಎಲ್ಲರಿಗೂ ಹಾಗೇ ಅಂದಿದ್ದರು. ಆದರೆ ಶಫೀ ಕೇಳಿಸಿಕೊಂಡದ್ದು ತನಗೆ ಹೇಳಿದ್ದನ್ನು ಮಾತ್ರ.

ಆಮೇಲೆ ಆದದ್ದು ಆ ದೇಶದಲ್ಲಿ ಎಲ್ಲರಿಗೂ ಆದದ್ದೇ. ಮನೆಗಳ ಬೆಲೆ ಬಿತ್ತು, ಸಾಲ ಕೊಟ್ಟ ಕಂಪನಿಗಳು ಉಸಿರು ಬಿಟ್ಟವು, ಸರ್ಕಾರ ಓಲ್ಡ್ ವಿಯರ್ ಅನ್ನು ತನ್ನ ಕೈಗೆ ತೆಗೆದುಕೊಂಡಿತು. ಠೇವಣಿ ಇಟ್ಟವರು ಗಾಬರಿಪಡಬೇಕಿಲ್ಲ, ಸಾಲ ಮಾಡಿದವರು ಎಂದಿನಂತೆ ಕಂತು ಕಟ್ಟುತ್ತಿರಬಹುದು ಎಂದು ರೇಡಿಯೋದಲ್ಲಿ ಮಂತ್ರಿಗಳು ಹೇಳಿದರು. ಷೇರುದಾರರ ಬಗ್ಗೆ ಕೊನೆಯಲ್ಲಿ ಒಂದು ಮಾತು ಬಂತು. ಅವರ ಷೇರುಗಳೆಲ್ಲ ಇನ್ನು ಮುಂದೆ ಸರ್ಕಾರದ್ದು. ಅದಕ್ಕೆ ಪ್ರತಿಯಾಗಿ ನ್ಯಾಯಸಮ್ಮತವಾದ ಪರಿಹಾರ ಎಷ್ಟು ಎಂಬುದನ್ನು ಅಸೆಸರ್ ಎಂಬ ಸ್ವತಂತ್ರ ಅಧಿಕಾರಿಯೊಬ್ಬರು ತೀರ್ಮಾನಿಸುತ್ತಾರೆ. ಆ ವಾಕ್ಯದಲ್ಲಿ 'ನ್ಯಾಯ' ಎಂಬ ಮಾತು ಇದ್ದದ್ದರಿಂದ ಶಫೀ ನಿಶ್ಚಿಂತನಾದ.

ಮೊದಲ ಅಸೆಸರ್ ಕಾಗದಪತ್ರಗಳನ್ನು ತರಿಸಿಕೊಳ್ಳುವಷ್ಟರಲ್ಲಿ ನಿವೃತ್ತರಾದರು. ಎರಡನೆಯವರು, ಮೊದಲನೆಯವರು ತರಿಸಿಕೊಂಡ ಕಾಗದಗಳು ಸರಿಯಾದವೇ ಎಂದು ನೋಡಲು ಒಂದು ಸಮಿತಿ ಮಾಡಿದರು. ಸಮಿತಿಯ ವರದಿ ಬಂದಾಗ ಕಾಯ್ದೆಯಲ್ಲಿ ಒಂದು ತಿದ್ದುಪಡಿ ಆಗಿತ್ತು, ಹಾಗಾಗಿ ವರದಿ ಹಳೆಯ ಕಾಯ್ದೆಗೆ ಸೇರಿದ್ದಾಯಿತು. ಹೀಗೆ ಹತ್ತು ವರ್ಷದ ಮೇಲಾಯಿತು. ಷೇರುದಾರರು ಒಂದು ಸಂಘ ಕಟ್ಟಿಕೊಂಡು ಚರ್ಚಿನ ಪಕ್ಕದ ಸಭಾಭವನದಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದರು. ಬ್ರೀಡಾ ಕ್ವಿನ್ಲಿವನ್ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಅಧ್ಯಕ್ಷೆ. ಅವರ ನಿವೃತ್ತಿಯ ಗಂಟೆಲ್ಲ ಓಲ್ಡ್ ವಿಯರ್‌ನಲ್ಲಿತ್ತು. ಖಜಾಂಚಿ ಕ್ರಿಸ್ಟಿ ಹಾನ್ರಹನ್, ಜೀವಮಾನವಿಡೀ ಬಸ್ಸು ಓಡಿಸಿದವರು. ಮಿಕ್ಕವರೂ ಅಂಥವರೇ. ಷೇರು ಮಾರುಕಟ್ಟೆಯ ಚತುರರು ಯಾರೂ ಅಲ್ಲ. ಮನೆಯ ಮೇಲೆ ಸಾಲ ಕೊಡುವ ಕಂಪನಿ ಮನೆಯಷ್ಟೇ ಗಟ್ಟಿ ಎಂದು ನಂಬಿದವರು. ಶಫೀ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಕನ್ನಡಿಗರ ರಾಜ್ಯೋತ್ಸವಕ್ಕೆ ಹೋದಾಗ ಸಾಫ್ಟ್‌ವೇರಿನ ಗೆಳೆಯರು, ಅದನ್ನು ಮರೆತುಬಿಡು ಮಾರಾಯ ಎಂದರೆ, ನಿಮಗೆ ಸಂಬಳ ಗೊತ್ತು, ಮಾಲೀಕತ್ವ ಗೊತ್ತಿಲ್ಲ ಎನ್ನುತ್ತಿದ್ದ.

ಆಗ ಕೊರೋನಾ ಬಂತು. ಎಪ್ಪತ್ತು ದಾಟಿದವರು ಮನೆಯಿಂದ ಹೊರಗೆ ಹೆಜ್ಜೆಯಿಡಬಾರದು ಎಂದು ಸರ್ಕಾರ ಹೇಳಿತು. ರೇಷ್ಮೆ ಹುಳ ಗೂಡಿನೊಳಗೆ ಇರುವ ಹಾಗೆ ಇರಿ ಎಂದು ಅದಕ್ಕೊಂದು ಮುದ್ದಾದ ಹೆಸರನ್ನೂ ಇಟ್ಟಿತು. ಷೇರುದಾರರ ಸಂಘ ಇಡಿಯಾಗಿ ಗೂಡು ಸೇರಿತು. ಶಫೀಯ ಕಾರ್ಖಾನೆಯಲ್ಲಿ ಪಾಳಿಗಳು ಕಡಿಮೆಯಾದವು, ಸಂಬಳ ಅರ್ಧವಾಯಿತು. ಓಲ್ಡ್ ವಿಯರ್ ತಾನಾಗಿಯೇ ಕರೆದು, ಮೂರು ತಿಂಗಳು ಕಂತು ಕಟ್ಟಬೇಡಿ, ಆಮೇಲೆ ನೋಡೋಣ ಎಂದಿತು. ತನ್ನ ಕಂಪನಿಯ ದೊಡ್ಡ ಮನಸ್ಸು ಕಂಡು ಶಫೀಗೆ ಹೆಮ್ಮೆಯಾಯಿತು. ಖತೀಜಾ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಎಲ್ಲರ ಕೆಲಸ ಕಡಿಮೆಯಾದಾಗ ಅವಳದು ಮಾತ್ರ ಹೆಚ್ಚಾಯಿತು. ಮನೆಗೆ ಬಂದು ಮೊದಲು ಸ್ನಾನ ಮಾಡಿ, ಆಮೇಲೆ ಮಾತಾಡುತ್ತಿದ್ದಳು. ಎಷ್ಟೋ ಸಲ ಸ್ನಾನವಾದದ್ದೇ ಮಲಗಿಬಿಡುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ, ಎಲ್ಲ ಬಾಗಿಲುಗಳೂ ಮತ್ತೊಮ್ಮೆ ಮುಚ್ಚಿದ್ದಾಗ, ಆ ವೇಳೆಗೆ ಬಂದಿದ್ದ ಮೂರನೆಯ ಅಸೆಸರ್‌ಗೆ ಷೇರುದಾರರ ಅಹವಾಲು ಕೇಳುವ ಮನಸ್ಸಾಯಿತು. ಜನವರಿಯಲ್ಲಿ ಡಬ್ಲಿನ್‌ನ ಒಂದು ಹೋಟೆಲಿನಲ್ಲಿ ವಿಚಾರಣೆ. ಅಹವಾಲು ಇರುವವರು ಖುದ್ದಾಗಿ ಹಾಜರಾಗಬೇಕು. ಕಾಯ್ದೆ ಬರೆದ ಕಾಲದಲ್ಲಿ ಖುದ್ದಾಗಿ ಹಾಜರಾಗುವುದು ಒಂದು ಸಮಸ್ಯೆಯಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅದೇ ಸರ್ಕಾರದ ಇನ್ನೊಂದು ಆಜ್ಞೆಯ ಪ್ರಕಾರ ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ. ಡಬ್ಲಿನ್ ಇರುವುದು ಇನ್ನೂರು ಕಿಲೋಮೀಟರ್ ದೂರದಲ್ಲಿ. ಬ್ರೀಡಾ ಫೋನು ಮಾಡಿ ಮಾಡಿ, ಸಂಘದ ಪರವಾಗಿ ಅದರ ಅಧ್ಯಕ್ಷರು ಒಬ್ಬರೇ ಬರಬಹುದು ಎಂಬ ಅನುಮತಿ ಗಿಟ್ಟಿಸಿದರು. ಸಂಘದಲ್ಲಿ ಎಪ್ಪತ್ತಕ್ಕಿಂತ ಕಡಿಮೆ ವಯಸ್ಸಿನವರು ಯಾರು ಎಂದು ಹುಡುಕಿದರು. ಹುಡುಕುವುದು ಬೇಗ ಮುಗಿಯಿತು. ಐವತ್ತನಾಲ್ಕರ ಶಫೀ ಸವಣೂರ, ಫೋನಿನಲ್ಲೇ ಅವಿರೋಧವಾಗಿ, ಓಲ್ಡ್ ವಿಯರ್ ಷೇರುದಾರರ ಸಂಘದ ಅಧ್ಯಕ್ಷನಾಗಿ ಆಯ್ಕೆಯಾದ.

ಆ ಸಂಜೆ ಅವನು ಈ ಸುದ್ದಿಯನ್ನು ಖತೀಜಾಳಿಗೆ ಹೇಳಿದ. ಅವಳು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಸೋಪಿನ ನೀರಿಗೆ ಅವಳ ಬೆರಳ ಸಂದುಗಳು ಒಡೆದಿದ್ದವು.

"ಅಷ್ಟು ದೂರ ಹೋದ್ರ ಏನ್ ಕೊಡ್ತಾರ್ರಿ?" ಎಂದು ಕೇಳಿದಳು.

"ನ್ಯಾಯವಾಗಿ ಎಷ್ಟು ಬರಬೇಕೋ ಅಷ್ಟು."

"ಅಂದ್ರ ಸೊನ್ನಿ. ಸೊನ್ನಿ ತರಾಕ ಡಬ್ಲಿನ್‌ತನಕ ಯಾಕ? ಅದು ಮನ್ಯಾಗೇ ಐತಿ." ಇನ್ನೊಂದು ಕೈಗೆ ಎಣ್ಣೆ ಹಚ್ಚುತ್ತಾ ಮತ್ತೆ ಕೇಳಿದಳು: "ಅಲ್ಲರಿ, ಅದು ಹೆಚ್ಚಾಗಿ ಹತ್ತು ಪಟ್ಟು ಬಂದಿತ್ತಂದ್ರ, ನೀವು ಯಾರಿಗಾದ್ರೂ ಹಂಚತಿದ್ರೇನು?"

ಇದೇ ಪ್ರಶ್ನೆಯನ್ನು ಡಬ್ಲಿನ್‌ನಲ್ಲಿ ಯಾರಾದರೂ ಕೇಳಿದರೆ ಏನು ಗತಿ ಎಂದು ಶಫೀಗೆ ಅನ್ನಿಸಿತು.

ಮರುದಿನದಿಂದ ತಾಲೀಮು ಶುರುವಾಯಿತು. ಬ್ರೀಡಾ ಅವರ ಮನೆ ಐದು ಕಿಲೋಮೀಟರಿನ ಒಳಗೇ ಇತ್ತು. ಅವರು ಕಿಟಕಿಯ ಮೇಲಿನ ಗಾಜನ್ನು ಒಂದಿಷ್ಟು ತೆರೆದು ಒಳಗೆ ಕುರ್ಚಿಯಲ್ಲಿ ಕೂರುತ್ತಿದ್ದರು. ಶಫೀ ಹೊರಗೆ ಹೂವಿನ ಪೊದೆಯ ಪಕ್ಕ, ಮಳೆಯಂಗಿ ತೊಟ್ಟು ನಿಂತು ಅವರು ಬರೆದುಕೊಟ್ಟ ಭಾಷಣ ಒಪ್ಪಿಸುತ್ತಿದ್ದ. ಎದುರು ಮನೆಯವರು ಅವನನ್ನು ಧರ್ಮಪ್ರಚಾರಕನೆಂದು ತಿಳಿದು ಪರದೆ ಎಳೆದುಕೊಂಡರು. ಬ್ರೀಡಾ ಅವನ ಉಚ್ಚಾರ ತಿದ್ದಿದರು, ಕೈ ಎಲ್ಲಿಡಬೇಕೆಂದು ಹೇಳಿಕೊಟ್ಟರು. ಏನಾದರೂ ಕೈಗೆ ಬರುವ ಮೊದಲು ಯಾರಿಗೂ ಥ್ಯಾಂಕ್ಸ್ ಹೇಳಕೂಡದು ಎಂದು ಮೂರು ಸಲ ಎಚ್ಚರಿಸಿದರು. ವಿದೇಶದಿಂದ ಬಂದವರಿಗೆ ಅದೊಂದು ಕೆಟ್ಟ ಅಭ್ಯಾಸ ಎಂದು ಅವರ ಅಭಿಪ್ರಾಯ.

ಕಷ್ಟವಾದದ್ದು ಭಾಷಣವಲ್ಲ, ಎಷ್ಟು ಕೇಳಬೇಕು ಎಂಬುದು. ನ್ಯಾಯ ಎಂದರೆ ಕೊಟ್ಟ ಬೆಲೆ ಎಂದು ಬ್ರೀಡಾ ವಾದಿಸಿದರು, ಬಡ್ಡಿ ಸಮೇತ. ಕಂಪನಿ ಅತಿ ಎತ್ತರದಲ್ಲಿದ್ದ ದಿನದ ಬೆಲೆಯೇ ನ್ಯಾಯ ಎಂದು ಇನ್ನೊಬ್ಬರು. ಅವರು ಷೇರು ಕೊಂಡದ್ದು ಅಜ್ಜನ ಕಾಲದ ಬೆಲೆಗೆ. ತನಗೆ ಏನೂ ಬೇಡ, ತಮ್ಮನಿಗೆ ತನಗಿಂತ ಹೆಚ್ಚು ಸಿಗದಿದ್ದರೆ ಸಾಕು ಎಂದು ಹೇಳಿದವರೂ ಇದ್ದರು. ಶಫೀ ಎಲ್ಲರ ಮಾತನ್ನೂ ಫೋನಿನಲ್ಲಿ ಕೇಳಿದ. ಕೊನೆಗೆ ಕ್ರಿಸ್ಟಿಯವರಿಗೆ ಫೋನು ಮಾಡಿದ. ಅವರಿಗೆ ಉಬ್ಬಸ, ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲುತ್ತಿದ್ದರು.

"ದುಡ್ಡು ಬಂದರೆ ಗ್ರ್ಯಾಂಡ್, ಬರದಿದ್ದರೂ ಗ್ರ್ಯಾಂಡ್," ಎಂದರು ಕ್ರಿಸ್ಟಿ. ಅಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಪರವಾಗಿಲ್ಲ' ಎಂದಷ್ಟೇ. "ನಾನು ಬಸ್ಸು ಓಡಿಸುವಾಗ ಹತ್ತು ನಿಮಿಷ ತಡವಾದರೂ ಸಾರಿ ಅಂತಿದ್ದೆ, ತಪ್ಪು ನನ್ನದಲ್ಲದಿದ್ದರೂ. ಇವರ ಬಾಯಲ್ಲಿ ಆ ಒಂದು ಮಾತು ಕೇಳಿದರೆ ಸಾಕು, ಶಫೀ."

ಹಾಗಾಗಿ ಸಂಘದ ಬೇಡಿಕೆಗಳಲ್ಲಿ ಅದೂ ಒಂದಾಯಿತು. ಬ್ರೀಡಾಗೆ ಅದು ಅಷ್ಟು ಹಿಡಿಸಲಿಲ್ಲ. ಕ್ಷಮೆಗೆ ಬಡ್ಡಿ ಹಾಕಲು ಬರುವುದಿಲ್ಲ ಎಂದು ಗೊಣಗಿದರು.

ಶಫೀ ಹಳೆಯ ಸೂಟನ್ನೇ ಹಾಕಿಕೊಂಡು ಹೊರಟ. ಹೊಟ್ಟೆಯ ಬಳಿ ಗುಂಡಿ ಹಾಕಲು ಬರಲಿಲ್ಲ. ಹೆದ್ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅರ್ಧ ದಾರಿಯಲ್ಲಿ ಗಾರ್ಡಾ, ಅಂದರೆ ಅಲ್ಲಿನ ಪೊಲೀಸರು, ಕೋನ್‌ಗಳನ್ನಿಟ್ಟು ವಾಹನ ತಡೆಯುತ್ತಿದ್ದರು. ಮಾಸ್ಕ್ ಹಾಕಿದ್ದ ಒಬ್ಬ ಯುವತಿ ಕಿಟಕಿಯ ಬಳಿ ಬಂದು ಎಲ್ಲಿಗೆ, ಯಾಕೆ ಎಂದು ಕೇಳಿದಳು. ನ್ಯಾಯಸಮ್ಮತ ಪರಿಹಾರ ಕೇಳಲು ಎಂದು ಶಫೀ ಹೇಳಿದ. ಅವಳು ಅವನ ನೋಟೀಸನ್ನು ಮಳೆಯಲ್ಲಿ ನಿಂತೇ ಓದಿದಳು. ಆಸ್ಪತ್ರೆಗೆ ಹೋಗುವುದು, ದನಗಳಿಗೆ ಮೇವು ಹಾಕುವುದು, ಅಂತ್ಯಕ್ರಿಯೆ ಇವೆಲ್ಲ ಅಗತ್ಯ ಪ್ರಯಾಣ ಎಂದು ಅವಳಿಗೆ ಗೊತ್ತಿತ್ತು. ನ್ಯಾಯ ಅಗತ್ಯವೇ ಅಲ್ಲವೇ ಎಂಬುದು ಗೊತ್ತಿರಲಿಲ್ಲ. ಮೇಲಿನವರಿಗೆ ವೈರ್‌ಲೆಸ್‌ನಲ್ಲಿ ಕೇಳಿದಳು. ಅವರು ತಮ್ಮ ಮೇಲಿನವರನ್ನು ಕೇಳಿದರು. ಕೋರ್ಟಿಗೆ ಹೋಗುವುದು ಅಗತ್ಯ, ಇದು ಹೋಟೆಲಾದರೂ ಕೋರ್ಟಿನಂಥದ್ದೇ ಎಂದು ಬಹಳ ಹೊತ್ತಿನ ಮೇಲೆ ತೀರ್ಮಾನವಾಯಿತು.

ಕಾಗದ ಹಿಂದಿರುಗಿಸುವಾಗ ಅವಳು ಎಷ್ಟು ವರ್ಷದಿಂದ ಕಾಯುತ್ತಿದ್ದೀರಿ ಎಂದು ಕೇಳಿದಳು. ಶಫೀ ಹೇಳಿದ.

"ಹಾಗಾದರೆ ನಿಧಾನವಾಗಿಯೇ ಹೋಗಿ," ಎಂದಳು ಅವಳು. "ರಸ್ತೆ ಜಾರುತ್ತಿದೆ."

ಹೋಟೆಲಿನ ದೊಡ್ಡ ಹಾಲಿನಲ್ಲಿ ಕುರ್ಚಿಗಳನ್ನು ಎರಡೆರಡು ಮೀಟರ್ ದೂರ ಇಟ್ಟಿದ್ದರು. ಗಾಳಿಯಾಡಲೆಂದು ಕಿಟಕಿಗಳೆಲ್ಲ ತೆರೆದಿದ್ದವು, ಒಳಗಿದ್ದವರೆಲ್ಲ ಓವರ್‌ಕೋಟಿನಲ್ಲಿದ್ದರು. ಸರ್ಕಾರದ ಪರವಾಗಿ ಒಬ್ಬ ವಕೀಲೆ, ಲೆಕ್ಕ ಬಲ್ಲ ಒಬ್ಬ ತಜ್ಞ, ನಡೆದದ್ದನ್ನು ಟೈಪ್ ಮಾಡಿಕೊಳ್ಳುವ ಒಬ್ಬಾಕೆ. ಷೇರುದಾರರ ಪರವಾಗಿ ಶಫೀ. ಅಸೆಸರ್ ಎಲ್ಲಿ ಎಂದು ಅವನು ಸುತ್ತ ನೋಡಿದ. ಆಗ ಗೋಡೆಯ ದೊಡ್ಡ ಟಿವಿಯಲ್ಲಿ ಒಬ್ಬ ಬಿಳಿಗಡ್ಡದ ಮುದುಕರ ಹಣೆ ಕಾಣಿಸಿಕೊಂಡಿತು. ಅಸೆಸರ್‌ಗೆ ಎಪ್ಪತ್ತನಾಲ್ಕು ವರ್ಷ. ಅವರು ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಖುದ್ದಾಗಿ ಹಾಜರಾಗಬೇಕೆಂಬ ನಿಯಮ ಅಹವಾಲು ಹೇಳುವವರಿಗೆ ಮಾತ್ರ, ಕೇಳುವವರಿಗೆ ಅಲ್ಲ ಎಂದು ವಕೀಲೆ ವಿವರಿಸಿದರು. ಹೀಗೆ ಶಫೀ ಇನ್ನೂರು ಕಿಲೋಮೀಟರ್ ಬಂದದ್ದು ಒಂದು ಹಣೆಯ ಜೊತೆ ಮಾತಾಡಲಿಕ್ಕೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಸರಿಮಾಡಿಕೊಂಡ ಮೇಲೆ ಮುಖವೂ ಕಾಣಿಸಿತು. ಒಳ್ಳೆಯ ಮುಖ. ದಣಿದಿತ್ತು.

ಶಫೀ ಬ್ರೀಡಾ ಕಲಿಸಿದ ಭಾಷಣವನ್ನು ತಪ್ಪಿಲ್ಲದೆ ಒಪ್ಪಿಸಿದ. ಆಮೇಲೆ ವಕೀಲೆ ಕೆಲವು ಪ್ರಶ್ನೆ ಕೇಳಲು ಎದ್ದರು.

"ಸವಣೂರ್ ಅವರೇ, ನೀವು ಇದೇ ಕಂಪನಿಯಲ್ಲಿ ಮನೆಸಾಲವನ್ನೂ ಪಡೆದಿದ್ದೀರಿ. ಕಳೆದ ವರ್ಷ ಮೂರು ತಿಂಗಳು ಕಂತು ಕಟ್ಟಲಿಲ್ಲ, ಅಲ್ಲವೇ?"

"ಹೌದು. ಕಟ್ಟಬೇಡಿ ಅಂತ ಕಂಪನಿಯವರೇ ಹೇಳಿದರು."

"ಅಂದರೆ ಕಂಪನಿಯ ಆದಾಯ ಕಡಿಮೆಯಾದದ್ದರಲ್ಲಿ ನಿಮ್ಮ ಪಾಲೂ ಇದೆ. ಮಾಲೀಕರಾಗಿ ಇದಕ್ಕೆ ಏನು ಹೇಳುತ್ತೀರಿ?"

ಶಫೀ ಟೈಪ್ ಮಾಡುವಾಕೆಯನ್ನು ತೋರಿಸಿ, "ಈಗ ನೀವು ನನ್ನನ್ನು ಮಾಲೀಕ ಅಂದಿರಿ. ಅದನ್ನು ಅವರು ಬರೆದುಕೊಳ್ಳಲಿ," ಎಂದ.

ಟೈಪ್ ಮಾಡುವಾಕೆ ಬರೆದುಕೊಂಡಳು. ವಕೀಲೆ ಅದನ್ನು 'ಹಿಂದಿನ ಮಾಲೀಕ' ಎಂದು ತಿದ್ದಿಸಿದರು. ಅಷ್ಟರಮಟ್ಟಿಗೆ ಶಫೀ ಗೆದ್ದ. ಆ ದಿನದ ಗೆಲುವು ಅದೊಂದೇ.

ಆಮೇಲೆ ಅವನೇ ತಜ್ಞನನ್ನು ಕೇಳಿದ, ತನ್ನ ಸಾಲಕ್ಕೆ ಕಂಪನಿಯ ಲೆಕ್ಕದಲ್ಲಿ ಏನು ಬೆಲೆ ಎಂದು. ಪೂರ್ತಿ ಬೆಲೆ ಎಂದು ತಜ್ಞ ಹೇಳಿದ. ತನ್ನ ಹಾಗೆ ಕಂತು ಕಟ್ಟುತ್ತಿರುವ ಮಿಕ್ಕವರ ಸಾಲಕ್ಕೆ? ಅದಕ್ಕೂ ಪೂರ್ತಿ. ಹಾಗಾದರೆ ಕಂಪನಿಯ ಬೆಲೆ ಸೊನ್ನೆ ಹೇಗಾಯಿತು? ತಜ್ಞ ಬಹಳ ತಾಳ್ಮೆಯಿಂದ, ಪರದೆಯ ಮೇಲೆ ಗೆರೆ ಚಿತ್ರ ತೋರಿಸಿ ವಿವರಿಸಿದ. ಸರ್ಕಾರ ಕೈಹಾಕದೆ ಇದ್ದಿದ್ದರೆ ಕಂಪನಿ ಅದೇ ದಿನ ಮುಳುಗುತ್ತಿತ್ತು, ಆದ್ದರಿಂದ ತೆಗೆದುಕೊಳ್ಳುವ ಕ್ಷಣಕ್ಕೆ ಮೊದಲು ಅದರ ಬೆಲೆ ಸೊನ್ನೆ. ತೆಗೆದುಕೊಂಡ ಕ್ಷಣದಿಂದ ಅದು ಸರ್ಕಾರದ್ದು, ಸರ್ಕಾರದ ಮೇಲೆ ಜನರಿಗೆ ನಂಬಿಕೆ, ಆದ್ದರಿಂದ ಬೆಲೆ ಪೂರ್ತಿ. ವಿವರಣೆ ಎಷ್ಟು ನಯವಾಗಿತ್ತೆಂದರೆ ಶಫೀಗೇ ಅದು ಸರಿ ಅನ್ನಿಸತೊಡಗಿತು. ಪರಿಹಾರ ಸೊನ್ನೆ ಎಂದರೆ ಪರಿಹಾರ ಇಲ್ಲ ಎಂದು ಅರ್ಥವಲ್ಲ, ಅದು ಲೆಕ್ಕ ಹಾಕಿ ಪಡೆದ ಸೊನ್ನೆ ಎಂದೂ ತಜ್ಞ ಹೇಳಿದ.

ಹೊತ್ತು ಮುಗಿಯುತ್ತಾ ಬಂತು. ಶಫೀಗೆ ಕ್ರಿಸ್ಟಿಯವರ ನೆನಪಾಯಿತು. ಭಾಷಣದ ಹಾಳೆಯನ್ನು ಮಡಿಸಿಟ್ಟು ಟಿವಿಯ ಕಡೆ ತಿರುಗಿದ.

"ಸರ್, ನಮ್ಮಲ್ಲಿ ಕ್ರಿಸ್ಟಿ ಅಂತ ಒಬ್ಬರಿದ್ದಾರೆ. ಬಸ್ ಡ್ರೈವರ್ ಆಗಿದ್ದರು, ಈಗ ಹುಷಾರಿಲ್ಲ. ಅವರಿಗೆ ದುಡ್ಡು ಬೇಡ. ಯಾರಾದರೂ ಒಬ್ಬರು ಸಾರಿ ಅಂದರೆ ಸಾಕು. ದುಡ್ಡಿನ ಜಾಗದಲ್ಲಿ ಸೊನ್ನೆ ಬರೆಯಿರಿ, ಬೇಕಾದರೆ. ಇದಕ್ಕೂ ಸೊನ್ನೆ ಬರೆಯಲೇಬೇಕಾ?"

ಅಸೆಸರ್ ಕನ್ನಡಕ ತೆಗೆದರು. ಕ್ಯಾಮೆರಾದ ಹತ್ತಿರ ಬಾಗಿ ಏನೋ ಹೇಳಿದರು. ತುಟಿಗಳು ಆಡಿದವು, ದನಿ ಬರಲಿಲ್ಲ. ನಿಮ್ಮ ಮೈಕ್ ಆಫ್ ಆಗಿದೆ ಎಂದು ವಕೀಲೆ ಎರಡು ಸಲ ಹೇಳಿದರು. ಅವರಿಗೆ ಅದು ಕೇಳಿಸಲಿಲ್ಲವೋ ಏನೋ, ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ತಲೆಯಾಡಿಸಿ ಹಿಂದಕ್ಕೆ ಒರಗಿದರು. ಅಷ್ಟರಲ್ಲಿ ಪರದೆ ನಿಂತಲ್ಲೇ ನಿಂತಿತು. ಸಂಪರ್ಕ ಮತ್ತೆ ಬಂದಾಗ ಅವರು, ಎಲ್ಲರಿಗೂ ಧನ್ಯವಾದ, ವಿಚಾರಣೆ ಮುಗಿಯಿತು ಎನ್ನುತ್ತಿದ್ದರು. ಟೈಪ್ ಮಾಡುವಾಕೆ ಆ ಜಾಗದಲ್ಲಿ 'ಕೇಳಿಸಲಿಲ್ಲ' ಎಂದು ಬರೆದಳು.

ಊರಿಗೆ ಮರಳಿದ ಮೇಲೆ ಶಫೀ ಮೊದಲು ಕ್ರಿಸ್ಟಿಯವರಿಗೆ ಫೋನು ಮಾಡಿ ನಡೆದದ್ದನ್ನು ಇದ್ದಂತೆ ಹೇಳಿದ. ಕ್ರಿಸ್ಟಿ ಉಸಿರು ಎಳೆದುಕೊಂಡು, ಬಾಯಿ ಹೇಗೆ ಆಡಿತು ಎಂದು ಕೇಳಿದರು. ಮೊದಲು ಹಲ್ಲು ಕಂಡವು, ಆಮೇಲೆ ತುಟಿ ತುಸು ದುಂಡಗಾಗಿ ಮತ್ತೆ ಅಗಲವಾಯಿತು, ಉದ್ದನೆಯ ಮಾತೇನಲ್ಲ ಎಂದು ಶಫೀ ವರ್ಣಿಸಿದ. ಆ ಕಡೆ ಕ್ರಿಸ್ಟಿ ಅದನ್ನು ತಾವೇ ಮಾಡಿ ನೋಡುತ್ತಿರುವ ಸದ್ದು ಕೇಳಿಸಿತು.

"ಸಾರಿ ಇರಬಹುದು," ಎಂದರು ಕೊನೆಗೆ.

"ಸರ್ಟನ್ಲಿ ಅನ್ನೋದೂ ಹಾಗೇ ಶುರುವಾಗುತ್ತದೆ," ಎಂದು ಶಫೀ ಪ್ರಾಮಾಣಿಕವಾಗಿ ಹೇಳಿದ.

"ಅಷ್ಟು ಉದ್ದ ಇರಲಿಲ್ಲ ಅಂದೆಯಲ್ಲ. ಸಾರಿಯೇ ಇರಬೇಕು." ಅವರ ದನಿಯಲ್ಲಿ ಸಮಾಧಾನವಿತ್ತು. ಅದನ್ನು ಕದಲಿಸುವ ಮನಸ್ಸು ಶಫೀಗೆ ಬರಲಿಲ್ಲ.

ಫೆಬ್ರವರಿಯಲ್ಲಿ ಕ್ರಿಸ್ಟಿ ತೀರಿಕೊಂಡರು. ಚರ್ಚಿನೊಳಗೆ ಹತ್ತು ಜನಕ್ಕೆ ಮಾತ್ರ ಅನುಮತಿ. ಮಿಕ್ಕವರು ಶವ ಹೋಗುವ ದಾರಿಯ ಎರಡೂ ಬದಿ ದೂರ ದೂರ ನಿಂತಿದ್ದರು. ಹಳೆಯ ಬಸ್ ಡ್ರೈವರುಗಳೇ ಹೆಚ್ಚು. ಶಫೀಯೂ ಖತೀಜಾಳೂ ಒಂದು ದೀಪದ ಕಂಬದ ಬಳಿ ನಿಂತರು. ಗಾಡಿ ಮುಂದೆ ಹೋಗುವಾಗ ಒಬ್ಬ ಡ್ರೈವರ್ ಮೆಲ್ಲಗೆ ಚಪ್ಪಾಳೆ ತಟ್ಟಿದ, ಆಮೇಲೆ ಬೀದಿಗೆ ಬೀದಿಯೇ ತಟ್ಟಿತು. ಖತೀಜಾ ಆ ತಿಂಗಳು ಇಂಥವು ಬಹಳ ನೋಡಿದ್ದಳು. ಆದರೂ ಮನೆಗೆ ಬರುವವರೆಗೆ ಅವಳು ಗಂಡನ ತೋಳು ಬಿಡಲಿಲ್ಲ, ಷೇರಿನ ಬಗ್ಗೆ ಒಂದು ಚುಚ್ಚುಮಾತನ್ನೂ ಆಡಲಿಲ್ಲ.

ಬೇಸಿಗೆ ಬಂತು, ಲಸಿಕೆ ಬಂತು, ಬಾಗಿಲುಗಳು ಒಂದೊಂದಾಗಿ ತೆರೆದವು. ಮನೆಗಳ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಸರ್ಕಾರ ಓಲ್ಡ್ ವಿಯರ್ ಅನ್ನು ಹೊರದೇಶದ ಹೂಡಿಕೆದಾರರಿಗೆ ಒಳ್ಳೆಯ ಲಾಭಕ್ಕೆ ಮಾರಿತು. ಇದು ಈ ದೇಶದ ಪ್ರತಿಯೊಬ್ಬ ನಾಗರಿಕನ ಗೆಲುವು ಎಂದು ಮಂತ್ರಿಗಳು ಹೇಳಿದರು. ಖತೀಜಾ ಟಿವಿ ನೋಡುತ್ತಾ, "ನೀವೂ ಇಲ್ಲಿನ ಪಾಸ್‌ಪೋರ್ಟ್ ತಗೊಂಡೀರಿ. ಅಂದ್ರ ನೀವೂ ಗೆದ್ದೀರಿ, ನಿಮ್ಮ ಮ್ಯಾಲೇ," ಎಂದಳು.

ಅದಾದ ವಾರವೇ ಅಸೆಸರ್ ಅವರ ತೀರ್ಮಾನ ಹೊರಬಿತ್ತು. ಬ್ರೀಡಾ ಅವರ ಹಿತ್ತಲಿನಲ್ಲಿ, ಬಿಸಿಲಿಗೆ ಕುರ್ಚಿ ಹಾಕಿಕೊಂಡು ಸಂಘದವರೆಲ್ಲ ಸೇರಿದರು. ಒಂದೂವರೆ ವರ್ಷದ ಮೇಲೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಎಲ್ಲರ ಕೂದಲೂ ಉದ್ದವಾಗಿತ್ತು, ಕೆಲವು ಕುರ್ಚಿಗಳು ಖಾಲಿಯಿದ್ದವು. ಶಫೀ ಅಧ್ಯಕ್ಷನಾಗಿ ನಿಂತು ಓದಿದ. ದಪ್ಪ ಪುಸ್ತಕದಂಥ ವರದಿ. ಎಲ್ಲ ಅಂಶಗಳನ್ನೂ ಪರಿಗಣಿಸಿ, ಎಲ್ಲರ ಮಾತನ್ನೂ ಆಲಿಸಿ, ಸ್ವತಂತ್ರವಾಗಿ ಯೋಚಿಸಿದ ಮೇಲೆ, ಷೇರೊಂದಕ್ಕೆ ಕೊಡಬೇಕಾದ ನ್ಯಾಯಸಮ್ಮತ ಪರಿಹಾರ ಸೊನ್ನೆ. ಕ್ಷಮೆಯ ಪ್ರಶ್ನೆ ಅಸೆಸರ್ ಅವರ ವ್ಯಾಪ್ತಿಗೆ ಬರುವುದಿಲ್ಲ. ಒಪ್ಪಿಗೆಯಿಲ್ಲದವರು ಮೇಲ್ಮನವಿ ಸಲ್ಲಿಸಬಹುದು, ಖುದ್ದಾಗಿ.

ಯಾರೂ ಬೈಯಲಿಲ್ಲ. ತಮ್ಮನಿಗೂ ಸೊನ್ನೆಯೇ ತಾನೇ ಎಂದು ಒಬ್ಬರು ಕೇಳಿದರು, ಅಜ್ಜನ ಕಾಲದ ಷೇರಿನವರು ಹೌದೆಂದು ಖಾತ್ರಿಪಡಿಸಿದರು. ಕ್ರಿಸ್ಟಿಯವರ ಹೆಂಡತಿ ಬಂದಿದ್ದರು. ಆ ಮುದುಕಪ್ಪ ಸಾರಿ ಹೇಳಿದ್ದು ನಮ್ಮವರಿಗೆ ತಲುಪಿತಲ್ಲ, ನಮ್ಮ ಲೆಕ್ಕ ಮುಗಿಯಿತು ಎಂದರು. ಶಫೀ ತಲೆ ತಗ್ಗಿಸಿ ವರದಿಯ ಹಾಳೆ ತಿರುಗಿಸಿದ. ಬ್ರೀಡಾ ಮಾತ್ರ ವರದಿಯನ್ನು ಅವನ ಕೈಯಿಂದ ತೆಗೆದುಕೊಂಡು ಕೆಂಪು ಪೆನ್ನು ಹಿಡಿದು ಕೂತರು. ಮೊದಲ ಪುಟದಲ್ಲೇ ಎರಡು ಕಾಗುಣಿತದ ತಪ್ಪು ಸಿಕ್ಕವು. ಇಷ್ಟು ಅವಸರದಲ್ಲಿ ಬರೆದದ್ದನ್ನು ತಾನು ಒಪ್ಪುವುದಿಲ್ಲ ಎಂದರು. ಈಗ ಎರಡು ಡೋಸ್ ಲಸಿಕೆ ಆಗಿದೆ, ಮೇಲ್ಮನವಿಗೆ ತಾನೇ ಖುದ್ದಾಗಿ ಹೋಗುವೆ, ಶಫೀ ಕಾರು ಓಡಿಸಲಿ ಎಂದು ಆಜ್ಞೆ ಮಾಡಿದರು.

ಹೋಗುವ ದಿನ ಖತೀಜಾಳೂ ರಜೆ ಹಾಕಿ ಹೊರಟಳು. ಡಬ್ಲಿನ್ ನೋಡದೆ ಎರಡು ವರ್ಷ ಆಗೇತಿ, ನ್ಯಾಯದ ನೆವದಾಗ ಅಂಗಡಿನಾದ್ರೂ ನೋಡ್ತೀನಿ ಎಂದು ಗಂಡನಿಗೆ ಹೇಳಿದಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಬ್ರೀಡಾ ತಮ್ಮ ವಾದವನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದರು. ನಡುನಡುವೆ ಖತೀಜಾ ಡಬ್ಬಿ ತೆಗೆದು ಮೆಂತ್ಯದ ಪರಾಠ ಕೊಟ್ಟಾಗ ಮಾತ್ರ ನಿಲ್ಲಿಸುತ್ತಿದ್ದರು.

ಕೋರ್ಟಿನ ಕಚೇರಿಯ ಗುಮಾಸ್ತ ಗಾಜಿನ ಹಿಂದೆ ಕೂತಿದ್ದ. ಮೇಲ್ಮನವಿ ತೆಗೆದುಕೊಂಡು, ಮೊಹರು ಒತ್ತಿ, ಕಂಪ್ಯೂಟರಿನಲ್ಲಿ ಹುಡುಕತೊಡಗಿದ. ಕೋವಿಡ್‌ನಿಂದ ಪ್ರಕರಣಗಳು ಬಹಳ ಉಳಿದುಬಿಟ್ಟಿವೆ ಎಂದು ಮೊದಲೇ ಹೇಳಿದ. ಕೊನೆಗೆ, ವಿಚಾರಣೆಗೆ ತನಗೆ ಕಾಣುತ್ತಿರುವ ಮೊದಲ ಖಾಲಿ ಜಾಗ ಇನ್ನು ನಾಲ್ಕು ವರ್ಷದ ಮೇಲೆ, ಒಂದು ಮಂಗಳವಾರ ಎಂದು ತಿಳಿಸಿದ. ಹೇಳುವಾಗ ಅವನು ಬ್ರೀಡಾ ಅವರ ಮುಖ ನೋಡಲಿಲ್ಲ. ಅವರಿಗೆ ಎಂಬತ್ತೊಂದು ವರ್ಷವೆಂದು ಅರ್ಜಿಯಲ್ಲೇ ಇತ್ತು.

ಶಫೀ ಖತೀಜಾಳ ಕಡೆ ನೋಡಿದ. ಅವಳು ಬ್ರೀಡಾ ಅವರ ಕಡೆ ನೋಡುತ್ತಿದ್ದಳು.

ಬ್ರೀಡಾ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಗಾಜಿನ ಹತ್ತಿರ ಬಾಗಿ, "ಬೆಳಿಗ್ಗೆಯೋ, ಮಧ್ಯಾಹ್ನವೋ?" ಎಂದು ಕೇಳಿದರು.